ಲೈಬ್ರರಿಯೇ ಇಲ್ಲದ ಓಣಿಯವರು ಲೈಬ್ರರಿ ಕರ ಕಟ್ಟಬೇಕಾ?

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮ ಮನೆ ಇದೆ. ಅದು ಬ್ಯಾಂಕಿಗೆ ಅಡ ಇದೆ. ಒಂದು ಕಂತು ತಪ್ಪಿದರೂ ಫೋನ್ ಮೇಲೆ ಫೋನ್ ಬರುತ್ತದೆ. ಅದೇ ಮನೆಯ ಫಾಳಾ, ಅಂದರೆ ಮನೆ ತೆರಿಗೆ, ತುಂಬುವಾಗ ಲೈಬ್ರರಿಗೆ, ಭಿಕ್ಷುಕರಿಗೆ ಅಂತ ಬೇರೆ ದುಡ್ಡು ತಗೊಳ್ಳುತ್ತಾರೆ. ನಮ್ಮ ಓಣಿ ಹತ್ತಿರ ಲೈಬ್ರರಿಯೇ ಇಲ್ಲ. ಆ ಕರ ಬಿಟ್ಟು ಉಳಿದದ್ದಷ್ಟೇ ಕಟ್ಟಬಹುದಾ?

ಉತ್ತರ: ಆಗುವುದಿಲ್ಲ. ಪೂರ್ತಿ ಕಟ್ಟಲೇಬೇಕು. ಮನೆ ಅಡ ಇದ್ದರೂ ಮಾಲೀಕರು ನೀವೇ, ಹಾಗಾಗಿ ಫಾಳಾ ನಿಮ್ಮದೇ. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ.

ಮೊದಲು ಚಲನ್ ನೋಡೋಣ. ಮನೆ ತೆರಿಗೆ 2,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಉಪಕರ 3. ಅಂದರೆ 300, 120, 60. ಒಟ್ಟು 480 ರೂಪಾಯಿ ಜಾಸ್ತಿ. ಗ್ರಂಥಾಲಯದ ಪಾಲು 1965ರ ಕಾಯ್ದೆಯಿಂದ ಬಂದದ್ದು. ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ, ಅದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕಾದ ದುಡ್ಡು. ಇವು ನಗರಸಭೆಯ ಸ್ವಂತ ಆದಾಯ ಅಲ್ಲ. ವಸೂಲಿ ಮಾಡಿ ದಾಟಿಸುವುದಷ್ಟೇ ಅದರ ಕೆಲಸ.

ಇವು ಶುಲ್ಕ ಅಲ್ಲ, ತೆರಿಗೆ. ಶುಲ್ಕವಾದರೆ ಬದಲಿಗೆ ಏನೋ ಒಂದು ಸೇವೆ ಕೊಡಬೇಕು. ಕಸದ ಗಾಡಿ ಬರದಿದ್ದರೆ ಕಸದ ಶುಲ್ಕದ ಬಗ್ಗೆ ಜಗಳ ತೆಗೆಯಲು ಜಾಗ ಇದೆ. ತೆರಿಗೆಗೆ ಆ ಜಾಗ ಇಲ್ಲ. "ನನಗೇನು ಸಿಕ್ಕಿತು" ಅಂತ ಕೇಳಿ ಕಟ್ಟದೆ ಇರಲು ಬರುವುದಿಲ್ಲ. ಇಂಥದ್ದಕ್ಕೇ ಅಂತ ಹೆಸರಿಟ್ಟು ತಗೊಂಡ ತೆರಿಗೆಯೂ ಹಾಗೆಯೇ.

ಹಾಗಾದರೆ ಆ ಹೆಸರಿಗೆ ಏನು ಬೆಲೆ? ನೀವು ಬ್ಯಾಂಕಿನ ಮಾತು ಎತ್ತಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಬ್ಯಾಂಕಿನ ಹತ್ತಿರ ನಿಮ್ಮ ಖರೀದಿ ಪತ್ರದ ಅಸಲು ಪ್ರತಿ ಇದೆ. ಅಡಮಾನದ ದಾಖಲೆ ಕೇಂದ್ರ ನೋಂದಣಿ ಸಂಸ್ಥೆಯಾದ ಸರ್ಸಾಯಿಯಲ್ಲಿ ಇರುತ್ತದೆ. ಸಾಲ ನಿಂತರೆ ಕೋರ್ಟಿಗೆ ಹೋಗದೆ, ಸರ್ಫೇಸಿ ಕಾಯ್ದೆಯಡಿ ನೋಟಿಸ್ ಕೊಟ್ಟು ಮನೆ ಹರಾಜಿಗೆ ಇಡಬಹುದು. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. 2020ರ ಜನವರಿಯಿಂದ, ಅಡಮಾನ ಹಾಗೆ ನೋಂದಣಿ ಆಗಿದ್ದರೆ, ಹರಾಜಿನ ದುಡ್ಡಿನಲ್ಲಿ ಮೊದಲ ಪಾಲು ಬ್ಯಾಂಕಿನದು. ಸರ್ಕಾರದ ತೆರಿಗೆ, ನಗರಸಭೆಯ ಉಪಕರ ಎಲ್ಲ ಅದರ ಹಿಂದೆ ನಿಲ್ಲಬೇಕು. ಉಪಕರ ಅನ್ನುವ ಪದ ಆ ಕಾಯ್ದೆಯಲ್ಲೇ ಇದೆ! ಹೊಲಕ್ಕೆ ಮಾತ್ರ ಈ ಕಾಯ್ದೆ ಹತ್ತುವುದಿಲ್ಲ. ಹಾಗಂತ ಹೊಲದ ಸಾಲಕ್ಕೆ ಹಿಡಿತ ಇಲ್ಲ ಅಂತಲ್ಲ. ಊರಿನ ಕೃಷಿ ಪತ್ತಿನ ಸಹಕಾರಿ ಸಂಘವಾದ ಪಿಕೆಪಿಎಸ್‌ನಲ್ಲಿ ಬೆಳೆಸಾಲ ತಗೊಂಡರೆ ಉತಾರದ (ಪಹಣಿಯ) 11ನೇ ಕಾಲಂನಲ್ಲಿ ಬೋಜಾ, ಅಂದರೆ ಸಾಲದ ದಾಖಲೆ, ಕೂರುತ್ತದೆ. ಅದನ್ನು ತೆಗೆಸದೆ ಹೊಲ ಮಾರಲು ಹೋದರೆ ಖರೀದಿಗೆ ಬಂದವರು ಉತಾರ ನೋಡಿಯೇ ಎದ್ದು ಹೋಗುತ್ತಾರೆ.

ಈಗ ನಿಮ್ಮ 120 ರೂಪಾಯಿಗೆ ಬನ್ನಿ. ಅದು ಗ್ರಂಥಾಲಯಕ್ಕೆ ಹೋಗಲಿಲ್ಲ ಅಂದರೆ ಹರಾಜು ಕೂಗುವವರು ಯಾರು? ಯಾರೂ ಇಲ್ಲ. ಓದುಗರ ಕೈಯಲ್ಲಿ ಯಾವ ಕಾಗದವೂ ಇಲ್ಲ. ಇಲಾಖೆ ಪತ್ರ ಬರೆಯುತ್ತದೆ, ನಗರಸಭೆ ಸಂಬಳ, ನೀರು, ಕರೆಂಟು ಬಿಲ್ಲಿನ ಕಡೆ ಕೈ ತೋರಿಸುತ್ತದೆ. ವಸೂಲಿಯಾದ ಉಪಕರವನ್ನು ಸ್ಥಳೀಯ ಸಂಸ್ಥೆಗಳು ದಾಟಿಸದೆ ಇಟ್ಟುಕೊಂಡಿವೆ ಅಂತ ಕರ್ನಾಟಕದ ಲೆಕ್ಕಪರಿಶೋಧನಾ ವರದಿಗಳು ಮತ್ತೆ ಮತ್ತೆ ಹೇಳಿವೆ. ವರದಿ ಬರುತ್ತದೆ, ಕಪಾಟಿಗೆ ಹೋಗುತ್ತದೆ.

ದಿಲ್ಲಿಯ ಕೇಂದ್ರ ಸರ್ಕಾರದಲ್ಲೂ ಇದೇ ಕಥೆ. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ 2007ರಲ್ಲಿ ನೂರಕ್ಕೆ 1ರ ಸೆಸ್, ಅಂದರೆ ಉಪಕರ, ಶುರುವಾಯಿತು. ಆ ದುಡ್ಡು ಇಡಲು ಪ್ರತ್ಯೇಕ ನಿಧಿಗೆ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ದುಡ್ಡು ಬಂತು, ಪೆಟ್ಟಿಗೆಯೇ ಇರಲಿಲ್ಲ! ಸೆಸ್ ಮೇಲೆ ಕೇಂದ್ರಕ್ಕೆ ಇಷ್ಟು ಪ್ರೀತಿ ಯಾಕೆ ಅಂದರೆ, ಅದನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹೇಳಿದ ನೂರಕ್ಕೆ 41ರ ಪಾಲು ಹಂಚಿಕೆಯ ತೆರಿಗೆಗಷ್ಟೇ ಲಾಗೂ. ಸೆಸ್ ಅದರಿಂದ ಹೊರಗೆ.

ಆದರೆ ಒಂದು ಸೆಸ್ ವಿಷಯದಲ್ಲಿ ಆಟ ಬದಲಾಯಿತು. ಜಿಎಸ್‌ಟಿ ಬಂದಾಗ ರಾಜ್ಯಗಳ ನಷ್ಟ ತುಂಬಿಕೊಡಲು ಕಾರು, ತಂಬಾಕು, ತಂಪು ಪಾನೀಯಗಳ ಮೇಲೆ ಪರಿಹಾರ ಸೆಸ್ ಹಾಕಿದರು. ಮೊದಲ ಎರಡು ವರ್ಷದಲ್ಲಿ ಅದರ 47,272 ಕೋಟಿ ರೂಪಾಯಿಯನ್ನು ಕೇಂದ್ರ ಆ ನಿಧಿಗೆ ಹಾಕದೆ ತನ್ನ ಬೊಕ್ಕಸದಲ್ಲೇ ಉಳಿಸಿಕೊಂಡಿತ್ತು ಅಂತ ಮಹಾಲೇಖಪಾಲರ ವರದಿ ಹೇಳಿತು. ಆಮೇಲೆ ಕೋವಿಡ್ ಬಂತು. ರಾಜ್ಯಗಳಿಗೆ ಕೊಡಲು ಕೇಂದ್ರ ಎರಡು ವರ್ಷದಲ್ಲಿ 1.1 ಲಕ್ಷ ಕೋಟಿ, 1.59 ಲಕ್ಷ ಕೋಟಿ ಸಾಲ ತಂದಿತು. ತೀರಿಸುವುದು ಮುಂದೆ ಬರುವ ಸೆಸ್‌ನಿಂದ. 2022ರ ಜೂನ್‌ಗೆ ಮುಗಿಯಬೇಕಿದ್ದ ಸೆಸ್ ಅನ್ನು 2026ರ ಮಾರ್ಚ್‌ವರೆಗೆ ಎಳೆದರು. ಸೆಸ್ ಅನ್ನೇ ಅಡ ಇಟ್ಟ ಹಾಗೆ ಅಲ್ವಾ? ಕಾನೂನಿನ ಲೆಕ್ಕದಲ್ಲಿ ಅಡಮಾನ ಅಲ್ಲ, ಆದರೆ ಕೆಲಸ ಅದೇ. ಹಿಂದೆ ಸಾಲ ಕೊಟ್ಟವರು ನಿಂತ ಮೇಲೆ ಆ ದುಡ್ಡು ಆಚೀಚೆ ಸರಿಯಲು ದಾರಿ ಉಳಿಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ತಂಬಾಕು ಬಿಟ್ಟು ಉಳಿದವುಗಳಿಂದ ಸೆಸ್ ತೆಗೆದಾಗಲೂ, ತಂಬಾಕಿನ ಮೇಲೆ ಉಳಿಸಿದ ಕಾರಣ ಆ ಸಾಲವೇ.

ಕಬ್ಬು ಬೆಳೆಯುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕಾರ್ಖಾನೆಯ ಗೋದಾಮಿನಲ್ಲಿರುವ ಸಕ್ಕರೆ ಬ್ಯಾಂಕಿಗೆ ಒತ್ತೆ ಇರುತ್ತದೆ. ಚೀಲ ಹೊರಗೆ ಹೋಗಬೇಕಾದರೆ ಬ್ಯಾಂಕ್ ಒಪ್ಪಬೇಕು, ಮಾರಿದ ದುಡ್ಡಲ್ಲಿ ಮೊದಲು ಅದರ ಪಾಲು ಮುರಿಯುತ್ತದೆ. ಕಬ್ಬು ಕೊಟ್ಟ ರೈತರ ಕಿಸೆಯಲ್ಲಿರುವುದು ತೂಕದ ಚೀಟಿ. 14 ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದೂ ಕಾನೂನೇ. ಆದರೆ ಗೋದಾಮಿನ ಕೀಲಿ ರೈತರ ಹತ್ತಿರ ಇಲ್ಲ.

ಸರಿ, ನೀವು ಏನು ಮಾಡಬಹುದು? ಫಾಳಾ ಏಪ್ರಿಲ್‌ನಲ್ಲೇ ತುಂಬಿ, ತೆರಿಗೆಯಲ್ಲಿ ನೂರಕ್ಕೆ 5 ರಿಯಾಯಿತಿ ಸಿಗುತ್ತದೆ. ಸಾಲ ತೀರಿದ ದಿನ ಬ್ಯಾಂಕಿಗೆ ಲಿಖಿತವಾಗಿ ಅಸಲು ಪತ್ರ ಕೇಳಿ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ: 30 ದಿನದಲ್ಲಿ ವಾಪಸ್ ಕೊಡಬೇಕು, ತಡ ಬ್ಯಾಂಕಿನದಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು.

ಲೈಬ್ರರಿ ಕರದ ಬಗ್ಗೆ ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಎರಡೇ ಮಾತು ಕೇಳಿ: ಕಳೆದ ಮೂರು ವರ್ಷದಲ್ಲಿ ಗ್ರಂಥಾಲಯ ಉಪಕರ ಎಷ್ಟು ವಸೂಲಾಯಿತು, ಗ್ರಂಥಾಲಯಕ್ಕೆ ಎಷ್ಟು, ಯಾವ ದಿನ ಕಟ್ಟಿದಿರಿ. ಸಿಟ್ಟೆಲ್ಲ ಅದರಲ್ಲೇ ಬರೆಯಲು ಹೋಗಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟುವಂತಿಲ್ಲ.