ಎಸ್ ಇಲ್ಲ ಅಂದ ಮಾತ್ರಕ್ಕೆ ಅಪರೂಪ ಅಲ್ಲ

ಅಮೆರಿಕದ ಪ್ರೂಫ್ ಸೆಟ್ (ಸಂಗ್ರಹಕಾರರಿಗೆ ಅಂತಲೇ ವಿಶೇಷವಾಗಿ ಹೊಡೆದ ನಾಣ್ಯಗಳ ಸೆಟ್) ಸಂಗ್ರಹಿಸುವವರು ನನ್ನ ಹತ್ತಿರ ನಾಣ್ಯ ಪರೀಕ್ಷೆಗೆ ಬಂದಾಗ ಸಾಮಾನ್ಯವಾಗಿ ಹೇಳುವ ಮಾತು ಇದು: "ಸರ್, ಇದರಲ್ಲಿ ಎಸ್ ಇಲ್ಲ ನೋಡಿ." ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು. ಕೈಯಲ್ಲಿ 1970ರ ಡೈಮ್ (ಹತ್ತು ಸೆಂಟ್ ನಾಣ್ಯ) ಇರುತ್ತದೆ. ಎಸ್ ಇಲ್ಲ, ನಿಜ. ಆದರೆ ಅದು ಪ್ರೂಫೇ ಅಲ್ಲ! ಫಿಲಡೆಲ್ಫಿಯಾದಲ್ಲಿ ಚಲಾವಣೆಗೆ ಅಂತ ಹೊಡೆದದ್ದು. 1980ಕ್ಕೆ ಮುಂಚೆ ಆ ಟಂಕಸಾಲೆ ತನ್ನ ಡೈಮ್‌ಗಳಿಗೆ ಗುರುತೇ ಹಾಕುತ್ತಿರಲಿಲ್ಲ. ಅಂಥವು ಕೋಟಿಗಟ್ಟಲೆ ಇವೆ. ಬೆಲೆ ಹತ್ತು ಸೆಂಟ್.

ದಯವಿಟ್ಟು ನೋಡುವ ಕ್ರಮ ಬದಲಿಸಿ. ಮೊದಲು "ಇದು ಪ್ರೂಫಾ?" ಅಂತ ಕೇಳಿಕೊಳ್ಳಿ. ಹೌದು ಅನ್ನುವುದು ಖಚಿತವಾದ ಮೇಲೆ ಗುರುತು ಹುಡುಕಿ. ಪ್ರೂಫ್ ನಾಣ್ಯದ ಖಾಲಿ ಜಾಗ ಕನ್ನಡಿಯಂತಿರುತ್ತದೆ, ಅಂಚು ಚೌಕವಾಗಿ, ಚೂಪಾಗಿರುತ್ತದೆ. ಹೊಳಪೊಂದನ್ನೇ ನಂಬಬೇಡಿ. ಪಾಲಿಶ್ ಮಾಡಿದ ಸಾಮಾನ್ಯ ನಾಣ್ಯವೂ ಹೊಳೆಯುತ್ತದೆ. ಆದರೆ ಅದರ ಅಕ್ಷರಗಳ ಮೂಲೆ ಸವೆದು ದುಂಡಗಾಗಿರುತ್ತದೆ, ಗೀರುಗಳು ಅಕ್ಷರದ ಮೇಲೂ ಹಾದುಹೋಗಿರುತ್ತವೆ. ಡಬ್ಬಿ ಮಿಂಟ್‌ನದ್ದೇ (ಟಂಕಸಾಲೆಯದ್ದೇ) ಅಂತ ತೋರಿಸಿದರೂ ಸಾಲದು. ಡಬ್ಬಿ ಬಿಚ್ಚಿ ನಾಣ್ಯ ಬದಲಿಸಿದವರು ಇದ್ದಾರೆ. ನಿಜವಾದ ಪ್ರೂಫ್‌ನಿಂದ ಎಸ್ ಕೆರೆದು ತೆಗೆದವರೂ ಇದ್ದಾರೆ. ಹಾಗಾಗಿ ಎಸ್ ಇರಬೇಕಾದ ಜಾಗದಲ್ಲಿ (ಡೈಮ್‌ನಲ್ಲಾದರೆ ವರ್ಷದ ಅಂಕಿಯ ಮೇಲ್ಗಡೆ) ಕನ್ನಡಿ ಮಂಕಾಗಿದೆಯಾ ಅಂತ ಲೆನ್ಸ್ ಇಟ್ಟು ನೋಡಿ.

ನಿಜವಾದ ಎಸ್ ಇಲ್ಲದ ಪ್ರೂಫ್ ಹೇಗೆ ಹುಟ್ಟಿತು ಅಂತ ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. 1968ರಿಂದ ಪ್ರೂಫ್ ಸೆಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಯಾರಾದವು. ಆದರೆ ಅಚ್ಚು ಮಾಡುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ. ಒಂದೊಂದು ಅಚ್ಚಿಗೂ ಎಸ್ ಅನ್ನು ಕೈಯಿಂದ ಪಂಚ್ ಮಾಡಿ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸುತ್ತಿದ್ದರು. ಒಮ್ಮೊಮ್ಮೆ ಮರೆತರು. 1968, 1970, 1975 ಮತ್ತು 1983ರ ಡೈಮ್, 1971ರ ನಿಕಲ್ (ಐದು ಸೆಂಟ್ ನಾಣ್ಯ) ಹಾಗೆ ಬಂದವು. 1975ರ ಡೈಮ್ ಈವರೆಗೆ ಗೊತ್ತಿರುವುದು ಎರಡೇ. ಅದರಲ್ಲೊಂದು 2019ರಲ್ಲಿ 4,56,000 ಡಾಲರ್‌ಗೆ ಹರಾಜಾಯಿತು. ಈ ಸುದ್ದಿ ಓದಿದವರೇ ಜಾಸ್ತಿ ಡೈಮ್ ಹಿಡಿದು ಬರುತ್ತಾರೆ!

1990ರ ಸೆಂಟ್‌ನ ಕಥೆ ಬೇರೆ. ಅಷ್ಟು ಹೊತ್ತಿಗೆ ಪ್ರೂಫ್‌ನ ಗುರುತು ಮೂಲ ಅಚ್ಚಿನಲ್ಲೇ ಸೇರಿತ್ತು. ಚಲಾವಣೆ ನಾಣ್ಯದ ಅಚ್ಚೊಂದು ತಪ್ಪಿ ಪ್ರೂಫ್ ಅಚ್ಚಾಗಿ ತಯಾರಾಗಿ ಹೋಯಿತು. ಮಿಂಟ್‌ನ ಅಂದಾಜು 3,555 ನಾಣ್ಯ. ಆದರೆ ಆ ವರ್ಷ ಫಿಲಡೆಲ್ಫಿಯಾದ ಸಾಮಾನ್ಯ ಸೆಂಟ್‌ಗೂ ಗುರುತಿಲ್ಲ. ಮತ್ತೆ ಅದೇ ಪ್ರಶ್ನೆ: ಇದು ಪ್ರೂಫಾ?

1965ರಿಂದ 1967ರವರೆಗಿನ ನಾಣ್ಯಗಳನ್ನು ಬಿಟ್ಟುಬಿಡಿ. ಆಗ ಯಾವ ಟಂಕಸಾಲೆಯೂ ಗುರುತು ಹಾಕಿಲ್ಲ.

ಇನ್ನು ಎಸ್ ಇರುವ ನಾಣ್ಯಗಳ ತಾಪತ್ರಯ. 1979ರ ಪ್ರೂಫ್‌ಗಳಲ್ಲಿ ಎರಡು ಬಗೆ ಎಸ್ ಇವೆ. ಮೊದಲನೆಯದು ಹಳೆಯ ಪಂಚ್‌ನದ್ದು (ಅಚ್ಚಿನ ಮೇಲೆ ಎಸ್ ಒತ್ತುವ ಉಪಕರಣ), ತೂತು ಮುಚ್ಚಿಹೋಗಿ ಕರಗಿದ ಮೇಣದ ತೊಟ್ಟಿನಂತೆ ಕಾಣುತ್ತದೆ. ಎರಡನೆಯದು ಸ್ಪಷ್ಟ. ಅದು ಕಡಿಮೆ ಸಿಗುತ್ತದೆ, ಹಾಗಾಗಿ ಬೆಲೆ ಹೆಚ್ಚು. ಇಲ್ಲಿಯವರೆಗೆ ಸುಲಭ. 1981ಕ್ಕೆ ಬಂದರೆ ಎಡವುವವರೇ ಹೆಚ್ಚು. 1979ರ ಎರಡನೇ ಬಗೆಯ ಪಂಚೇ 1981ರ ಮೊದಲ ಬಗೆ! ಅದು ಸವೆಯುವ ಮೊದಲು ಹೊಡೆದ ನಾಣ್ಯಗಳಲ್ಲಿ ಎಸ್ ಚೆನ್ನಾಗೇ ಕಾಣುತ್ತದೆ. ಮಾರುವವರು ಅದನ್ನೇ "ಸ್ಪಷ್ಟ ಎಸ್, ಟೈಪ್ 2" ಅಂತ ಕೊಡುತ್ತಾರೆ. ಹಿರಿಯರೊಬ್ಬರು ಇಂಥ ಸೆಟ್ ತಂದಿದ್ದರು. ಆರೂ ನಾಣ್ಯದ ಮೇಲೆ ಟೈಪ್ 2 ಚೀಟಿ. ಬಹಳ ಆಸೆಯಿಂದ ಕೂಡಿಸಿದ್ದರು ಪಾಪ. ಲೆನ್ಸ್ ಅವರ ಕೈಗೇ ಕೊಟ್ಟು ಎಸ್‌ನ ಎರಡು ತುದಿ ನೋಡಿ ಅಂದೆ. 1981ರ ಟೈಪ್ 2ರಲ್ಲಿ ಆ ತುದಿಗಳು ಉಬ್ಬಿ ದಪ್ಪಗಿರುತ್ತವೆ. ಅವರ ಡಾಲರ್‌ನಲ್ಲಿ ಹಾಗಿತ್ತು, ಡೈಮ್‌ನಲ್ಲಿ ಇರಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅವರೇ ವ್ಯತ್ಯಾಸ ಹೇಳಿದರು. ಇಷ್ಟು ನೋಡಿಯೂ ಅನುಮಾನ ಉಳಿದರೆ ನಾಣ್ಯವನ್ನೇ ತನ್ನಿ. ಬರೀ ಫೋಟೋ ನೋಡಿ ನಾನು ಬಗೆ ಹೇಳುವುದಿಲ್ಲ, ಬೆಳಕು ಸ್ವಲ್ಪ ಓರೆಯಾದರೂ ತುದಿ ಉಬ್ಬಿದಂತೆ ಕಾಣುತ್ತದೆ.