ಅನ್ನನಾಳದ ಕ್ಯಾನ್ಸರ್: ಒಂದೇ ಹೆಸರಿನಡಿ ಎರಡು ರೋಗ, ಎರಡು ದಿಕ್ಕು

ಅನ್ನನಾಳದ ಕ್ಯಾನ್ಸರ್ ಹೆಚ್ಚುತ್ತಿದೆಯೇ, ಇಳಿಯುತ್ತಿದೆಯೇ? ಯಾವ ಬಗೆಯದು, ಯಾವ ಜನರಲ್ಲಿ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5.1 ಲಕ್ಷ ಜನರಿಗೆ ಹೊಸದಾಗಿ ಈ ರೋಗ ಬಂತು, ಸುಮಾರು 4.45 ಲಕ್ಷ ಜನ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಈ ಲೆಕ್ಕದಲ್ಲಿ ಎರಡು ಬೇರೆ ಬೇರೆ ರೋಗಗಳು ಬೆರೆತಿವೆ. ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು ಸ್ಕ್ವಾಮಸ್ ಕ್ಯಾನ್ಸರ್. ಒಟ್ಟು ರೋಗಿಗಳಲ್ಲಿ ಶೇ. 85ರಷ್ಟು ಮಂದಿಗೆ ಇರುವುದು ಇದೇ. ನಾಳದ ಕೆಳತುದಿಯಲ್ಲಿ, ಜಠರ ಸೇರುವ ಕಡೆ, ಗ್ರಂಥಿಕೋಶಗಳಲ್ಲಿ ಹುಟ್ಟುವುದು ಅಡಿನೋಕಾರ್ಸಿನೋಮ.

ಉತ್ತರ ಇರಾನಿನಿಂದ ಮಧ್ಯ ಏಷ್ಯಾ ಹಾದು ಚೀನಾದ ಹೆನಾನ್ ಪ್ರಾಂತ್ಯದವರೆಗೆ ಸ್ಕ್ವಾಮಸ್ ಕ್ಯಾನ್ಸರಿನ ಪಟ್ಟಿಯೊಂದು ಹಾದುಹೋಗುತ್ತದೆ. ಪೂರ್ವ ಆಫ್ರಿಕಾದಲ್ಲೂ ಅದು ಹೆಚ್ಚು. ಯುರೋಪ್, ಅಮೆರಿಕಗಳಲ್ಲಿ ಇದರ ಮುಖ್ಯ ಕಾರಣ ತಂಬಾಕು ಮತ್ತು ಮದ್ಯ. ಎರಡೂ ಸೇರಿದರೆ ಅಪಾಯ ಗುಣಿಸಿ ಏರುತ್ತದೆ. ಆದರೆ ಇರಾನಿನ ಗೊಲೆಸ್ತಾನ್‌ನಲ್ಲಿ ಮದ್ಯ ಕುಡಿಯುವವರೇ ವಿರಳ. ಹಾಗಾದರೆ ಅಲ್ಲಿ ರೋಗ ಎಲ್ಲಿಂದ ಬಂತು? 1970ರ ದಶಕದ ಅಧ್ಯಯನಗಳು ಬಡತನ, ಹಣ್ಣು-ತರಕಾರಿಯ ಕೊರತೆ, ಅಫೀಮು ಮತ್ತು ಸುಡುವ ಚಹಾದತ್ತ ಬೆರಳು ತೋರಿದವು. 2004ರಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಅಲ್ಲಿ ಶುರುವಾಯಿತು. ಚಹಾದ ಬಿಸಿಯನ್ನು ಉಷ್ಣಮಾಪಕ ಇಟ್ಟೇ ಅಳೆದರು. 2009ರಲ್ಲಿ ಅಲ್ಲಿಂದ ಪ್ರಕಟವಾದ ಫಲಿತಾಂಶದ ಪ್ರಕಾರ, ಬಗ್ಗಿಸಿದ 2 ನಿಮಿಷದೊಳಗೆ ಚಹಾ ಕುಡಿಯುವವರಿಗೆ, 4 ನಿಮಿಷವಾದರೂ ಆರಲು ಬಿಡುವವರಿಗಿಂತ ಅಪಾಯ ಸುಮಾರು 5 ಪಟ್ಟು. ಇಲ್ಲಿ ತಪ್ಪು ಚಹಾದ್ದಲ್ಲ, ಬಿಸಿಯದು: ಒಳಪದರ ಪದೇಪದೇ ಸುಟ್ಟಾಗ ಅದನ್ನು ಸರಿಪಡಿಸಲು ಕೋಶಗಳು ಮತ್ತೆ ಮತ್ತೆ ವಿಭಜನೆಯಾಗುತ್ತವೆ, ಉಳಿದ ವಿಷವಸ್ತುಗಳಿಗೆ ದಾರಿ ಸಲೀಸಾಗುತ್ತದೆ. 65 ಡಿಗ್ರಿ ಸೆಲ್ಸಿಯಸ್ ಮೀರಿದ ಪಾನೀಯಗಳನ್ನು 2016ರಲ್ಲಿ ಅದೇ ಅಂತರರಾಷ್ಟ್ರೀಯ ಸಂಸ್ಥೆ 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತು. ಅಫೀಮು ಸೇವನೆಯನ್ನು 2020ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು.

ಪೂರ್ವ ಏಷ್ಯಾದಲ್ಲಿ ಇನ್ನೊಂದು ಎಳೆ ಇದೆ. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಆಗುತ್ತದೆ. ಅದನ್ನು ಒಡೆಯುವ ಕಿಣ್ವ ಅಲ್ಲಿ ಸುಮಾರು ಮೂರನೇ ಒಂದು ಭಾಗ ಜನರಲ್ಲಿ ದುರ್ಬಲ. ಕುಡಿದರೆ ಮುಖ ಕೆಂಪಾಗುವುದು ಇದರ ಗುರುತು. ಕಿಣ್ವ ಸ್ವಲ್ಪವೂ ಕೆಲಸ ಮಾಡದವರು ಸಂಕಟ ತಾಳದೆ ಕುಡಿತದಿಂದ ದೂರ ಉಳಿಯುತ್ತಾರೆ. ಕಿಣ್ವ ಅರ್ಧಂಬರ್ಧ ಕೆಲಸ ಮಾಡುವವರು ಕುಡಿತ ಅಭ್ಯಾಸ ಮಾಡಿಕೊಳ್ಳುತ್ತಾರೆ. ಹೆಚ್ಚು ಅಪಾಯಕ್ಕೆ ಸಿಲುಕುವವರು ಇವರೇ.

ಬದುಕಿನ ಮಟ್ಟ ಸುಧಾರಿಸಿದಂತೆ ಚೀನಾದಲ್ಲಿ, ಧೂಮಪಾನ ತಗ್ಗಿದಂತೆ ಅಮೆರಿಕದಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಇಳಿಯಿತು. ಅದೇ ಅಮೆರಿಕದಲ್ಲಿ ಅಡಿನೋಕಾರ್ಸಿನೋಮ 1975ರಲ್ಲಿ 10 ಲಕ್ಷಕ್ಕೆ 4 ಇದ್ದದ್ದು 2001ರ ಹೊತ್ತಿಗೆ 23ಕ್ಕೆ ಮುಟ್ಟಿತು. ಎಂಡೋಸ್ಕೋಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಒಳಗನ್ನು ನೋಡುವ ಪರೀಕ್ಷೆ) ಹೆಚ್ಚಾದ್ದರಿಂದ ಹೀಗೆ ಕಾಣುತ್ತಿದೆ ಎಂಬ ಅನುಮಾನ ಸಹಜವಾಗಿತ್ತು. ಆದರೆ ಸಾವೂ ಜೊತೆಜೊತೆಗೇ ಏರಿತ್ತು. ಹಾಗಾಗಿ ಆ ಅನುಮಾನ ನಿಲ್ಲಲಿಲ್ಲ. ಹೊಟ್ಟೆಯ ಬೊಜ್ಜು ಜಠರವನ್ನು ಒತ್ತುತ್ತದೆ, ಆಮ್ಲ ಮೇಲೇರುತ್ತದೆ, ಚಪ್ಪಟೆ ಕೋಶಗಳ ಜಾಗದಲ್ಲಿ ಕರುಳಿನಂಥ ಕೋಶಗಳು ಬೆಳೆಯುತ್ತವೆ. ಅಡಿನೋಕಾರ್ಸಿನೋಮಕ್ಕೆ ದಾರಿಯಾಗುವ ಈ ಬದಲಾವಣೆಗೆ ಬ್ಯಾರೆಟ್ ಅನ್ನನಾಳ ಎಂದು ಹೆಸರು. ವಾರಕ್ಕೊಮ್ಮೆಯಾದರೂ ಎದೆಯುರಿ ಇರುವವರಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು 8 ಪಟ್ಟು ಎಂದು 1999ರಲ್ಲಿ ಸ್ವೀಡನ್ನಿನ ಅಧ್ಯಯನ ತೋರಿಸಿತು. ಹಾಗೆಂದು ಎದೆಯುರಿ ಇರುವವರೆಲ್ಲ ಕಂಗೆಡಬೇಕಿಲ್ಲ: ಡೆನ್ಮಾರ್ಕಿನ 2011ರ ಲೆಕ್ಕದಲ್ಲಿ, ಬ್ಯಾರೆಟ್ ಇರುವವರಲ್ಲೂ ಕ್ಯಾನ್ಸರ್ ಆಗುವುದು ವರ್ಷಕ್ಕೆ ಶೇ. 0.12 ಮಂದಿಗೆ. ಬೊಜ್ಜೊಂದೇ ಎಲ್ಲವನ್ನೂ ವಿವರಿಸುವುದೂ ಇಲ್ಲ. ಗಂಡಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಅಮೆರಿಕದ ಕಪ್ಪು ಜನರಲ್ಲಿ ಬೊಜ್ಜಿದ್ದರೂ ಕಡಿಮೆ.

ಅಂಕಿಅಂಶ ಓದುವಾಗ ಎಡವುವುದು ಸುಲಭ. ವಯಸ್ಸಾದವರು ಹೆಚ್ಚಿದ ಕಡೆ ವಯೋಹೊಂದಾಣಿಕೆಯ ದರ (ಜನರ ವಯಸ್ಸಿನ ವ್ಯತ್ಯಾಸ ಕಳೆದು ಲೆಕ್ಕಹಾಕಿದ ದರ) ಇಳಿದಿದ್ದರೂ ರೋಗಿಗಳ ಸಂಖ್ಯೆ ಏರಬಹುದು. ಒಂದು ಬಗೆ ಇಳಿದು ಇನ್ನೊಂದು ಏರಿದರೆ ಒಟ್ಟು ಗೆರೆ ಸಪಾಟಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಜಠರದ ಅಂಚಿನ ಗೆಡ್ಡೆ ಒಂದು ದಾಖಲೆಯಲ್ಲಿ ಅನ್ನನಾಳದ್ದು, ಮತ್ತೊಂದರಲ್ಲಿ ಜಠರದ್ದು.

ಎರಡೂ ಬಗೆಗಳು ಪತ್ತೆಯಾಗುವುದು ತಡವಾಗಿಯೇ, ಸಾವಿನ ಸಂಖ್ಯೆ ಅಷ್ಟು ದೊಡ್ಡದಿರುವುದೂ ಅದಕ್ಕೇ. ಅನ್ನನಾಳ ಹಿಗ್ಗುವ ಅಂಗ. ಒಳದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾಗುವವರೆಗೆ ನುಂಗಲು ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಗಟ್ಟಿ ತುತ್ತು ಸಿಕ್ಕಿಕೊಳ್ಳತೊಡಗಿದಾಗಲೇ, ತೂಕ ಇಳಿಯುವವರೆಗೆ ಕಾಯದೆ, ಎಂಡೋಸ್ಕೋಪಿ ಮಾಡಿಸಿ ಬಯಾಪ್ಸಿ (ಪರೀಕ್ಷೆಗೆ ಒಳಪದರದ ಚೂರು) ತೆಗೆಸಬೇಕು.