ಹೊರಲಾರದಷ್ಟು ಭಾರ ದೇವರು ಕೊಡೋದಿಲ್ಲ ಅಂತ ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲಿದೆ?

ಪ್ರಶ್ನೆ: "ದೇವರು ನಮ್ಮ ಶಕ್ತಿಗೆ ಮೀರಿದ ಕಷ್ಟ ಕೊಡೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ನನ್ನ ಕೈಲಿ ಇನ್ನು ಆಗ್ತಾ ಇಲ್ಲ. ಹಾಗಾದರೆ ನನ್ನ ನಂಬಿಕೆಯೇ ಸಾಲದಾ?"

ಸಂಡೇ ಸ್ಕೂಲಿನಲ್ಲಿ ಪಾಠ ಹೇಳಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ಕೇಳುತ್ತಲೇ ಇದ್ದೇನೆ. ಒಮ್ಮೆ ಸಾಲದಲ್ಲಿ ಮುಳುಗಿದ ಮನೆಯಲ್ಲಿ, ಒಮ್ಮೆ ಆಸ್ಪತ್ರೆಯ ವಾರ್ಡಿನಲ್ಲಿ, ಒಮ್ಮೆ ಗಂಡನನ್ನು ಮಣ್ಣು ಮಾಡಿ ಮೂರು ದಿನವೂ ಆಗದ ಹೆಣ್ಣುಮಗಳ ಬಾಯಲ್ಲಿ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಮುಂದಿನ ಭಾನುವಾರ ಇನ್ಯಾರೋ ಅದೇ ಮಾತು ಹೊತ್ತುಕೊಂಡು ಬರುತ್ತಾರೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಇಲ್ಲ, ನಿಮ್ಮ ನಂಬಿಕೆಗೆ ಏನೂ ಆಗಿಲ್ಲ. ನಿಮಗೆ ಹೇಳಿದ ಮಾತೇ ತಪ್ಪು. ಅಂಥ ವಾಗ್ದಾನ ಸತ್ಯವೇದದಲ್ಲಿ ಇಲ್ಲ.

"ಯಾಕಿಲ್ಲ? 1 ಕೊರಿಂಥ 10:13 ಇದೆಯಲ್ಲ!" ಅಂತ ಕೂಡಲೇ ಯಾರಾದರೂ ಹೇಳುತ್ತಾರೆ. ನಿಮ್ಮ ಶಕ್ತಿಗೆ ಮೀರಿದ ಶೋಧನೆಯನ್ನು ದೇವರು ಬರಗೊಡಿಸುವುದಿಲ್ಲ ಅನ್ನುವ ವಚನ ಅದು. ಸರಿ, ಪುಸ್ತಕ ತೆಗೆಯಿರಿ. ಆ ಒಂದು ವಚನ ಮಾತ್ರ ಬೇಡ, ಅಧ್ಯಾಯದ ಮೊದಲಿನಿಂದ ಓದಿ. ಕೊರಿಂಥ ಊರಿನ ಸಭೆಗೆ ಈ ಪತ್ರ ಬರೆದ ಅಪೊಸ್ತಲ ಪೌಲನು ಅಲ್ಲಿ ಯಾವುದರ ಬಗ್ಗೆ ಮಾತಾಡುತ್ತಿದ್ದಾನೆ? ಕಾಯಿಲೆಯ ಬಗ್ಗೆಯಾ? ಸಾವಿನ ಬಗ್ಗೆಯಾ? ಅಲ್ಲ. ಐಗುಪ್ತದಿಂದ (ಈಜಿಪ್ಟಿನಿಂದ) ಹೊರಟ ಇಸ್ರಾಯೇಲ್ಯರು ಅರಣ್ಯದಲ್ಲಿ ಹೇಗೆ ಎಡವಿದರು ಅಂತ ನೆನಪಿಸುತ್ತಿದ್ದಾನೆ. ವಿಗ್ರಹದ ಮುಂದೆ ತಿಂದು ಕುಡಿದದ್ದು, ಜಾರತ್ವ, ಗೊಣಗಾಟ. ಕೊರಿಂಥ ಎರಡು ಬಂದರುಗಳ ವ್ಯಾಪಾರದ ಊರು. ದೇವಸ್ಥಾನದ ಊಟಕ್ಕೆ ಕರೆ ಬಂದರೆ ಹೋಗಬಹುದಾ ಅನ್ನುವುದು ಅಲ್ಲಿನ ಸಭೆಗೆ ದಿನನಿತ್ಯದ ಪ್ರಶ್ನೆ. ಅದಕ್ಕೇ 14ನೇ ವಚನದಲ್ಲಿ, ಆದ್ದರಿಂದ ವಿಗ್ರಹಾರಾಧನೆಯಿಂದ ದೂರ ಓಡಿರಿ ಅಂತ ಮುಗಿಸುತ್ತಾನೆ. ನಡುವಿನ 13ನೇ ವಚನದ ಅರ್ಥ ಇಷ್ಟು: ಪಾಪಕ್ಕೆ ಎಳೆಯುವ ಶೋಧನೆ ಬಂದಾಗ, ಬೀಳದೆ ಬೇರೆ ದಾರಿಯೇ ಇರಲಿಲ್ಲ ಅನ್ನಬೇಡಿ. ದೇವರು ನಂಬಿಗಸ್ತನು, ತಪ್ಪಿಸಿಕೊಳ್ಳುವ ದಾರಿಯನ್ನೂ ಇಟ್ಟಿರುತ್ತಾನೆ.

ಗೊಂದಲಕ್ಕೆ ಕಾರಣ "ಶೋಧನೆ" ಅನ್ನುವ ಪದ. ಗ್ರೀಕ್ ಮೂಲದಲ್ಲಿ ಅದು ಪೈರಾಸ್ಮೋಸ್. ಪರೀಕ್ಷೆ ಅಂತಲೂ ಆಗುತ್ತದೆ, ಪಾಪಕ್ಕೆ ಸೆಳೆಯುವುದು ಅಂತಲೂ ಆಗುತ್ತದೆ. ನಾವು ಮಾತಾಡುವಾಗ ಏನು ಮಾಡುತ್ತೇವೆ? ಕೆಲಸ ಹೋದರೂ ಶೋಧನೆ, ಮಗುವಿಗೆ ಜ್ವರ ಬಂದರೂ ಶೋಧನೆ. ಆ ಅರ್ಥವನ್ನು ಹಿಡಿದು ಈ ವಚನ ಓದಿದರೆ ಕಷ್ಟಕ್ಕೆ ಒಂದು ಮಿತಿ ಇದೆ ಅಂತ ಕೇಳಿಸುತ್ತದೆ. ನನ್ನ ಕ್ಲಾಸಿನ ಮಕ್ಕಳಿಗೆ ಇದು ಗೊತ್ತು. ಸಂದರ್ಭ ಏನು, ಯಾರಿಗೆ ಬರೆದದ್ದು ಅಂತ ಕೇಳದೆ ಅವರು ಒಂದು ವಚನವನ್ನೂ ಒಪ್ಪುವುದಿಲ್ಲ. ನನಗೆ ಅದೇ ದೊಡ್ಡ ಸಂತೋಷ.

ಇನ್ನು ಅದೇ ಪೌಲನು ಅದೇ ಸಭೆಗೆ ಬರೆದ ಇನ್ನೊಂದು ಪತ್ರ ನೋಡಿ. 2 ಕೊರಿಂಥ 1:8-9. ಆಸ್ಯ ಸೀಮೆಯಲ್ಲಿ ತನಗೂ ಜೊತೆಯವರಿಗೂ ಬಂದ ಕಷ್ಟವನ್ನು ಹೇಳುತ್ತಾನೆ. ಅದು ನಮ್ಮ ಶಕ್ತಿಗೆ ಮೀರಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅನ್ನುತ್ತಾನೆ. ಶಕ್ತಿಗೆ ಮೀರಿತ್ತು! ಅಪೊಸ್ತಲನೇ ಬರೆದಿದ್ದಾನೆ, ನಾಚಿಕೆ ಇಲ್ಲದೆ. ಹಾಗಾದದ್ದು ಯಾಕೆ ಅಂತಲೂ ಹೇಳುತ್ತಾನೆ: ನಮ್ಮ ಮೇಲೆ ನಾವು ಭರವಸೆ ಇಡದೆ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲಿಕ್ಕೆ. ಶರೀರದಲ್ಲಿದ್ದ ಮುಳ್ಳನ್ನು ತೆಗೆ ಅಂತ ಇವನೇ ಮೂರು ಸಲ ಬೇಡಿಕೊಂಡ. ಮುಳ್ಳು ಹೋಯಿತು ಅಂತ ಎಲ್ಲೂ ಬರೆದಿಲ್ಲ. ಸಿಕ್ಕಿದ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು."

"ಹೋಗ್ಲಿ ಬಿಡಿ ಟೀಚರ್, ಸಮಾಧಾನಕ್ಕೆ ಹೇಳೋ ಮಾತು ಅಲ್ವಾ" ಅನ್ನುವವರಿಗೆ ಒಂದು ವಿಷಯ ಹೇಳಬೇಕು. ನಮ್ಮ ತಂದೆ ತೀರಿಕೊಂಡಾಗ ನಾನು ಹತ್ತನೇ ಕ್ಲಾಸು. ಮನೆಗೆ ಬಂದ ಹಿರಿಯರೊಬ್ಬರು ಅಮ್ಮನಿಗೆ, "ನಿಮಗೆ ತಡೆಯೋ ಶಕ್ತಿ ಇದೆ ಅಂತಲೇ ಕರ್ತನು ಈ ಭಾರ ಕೊಟ್ಟಿದ್ದಾನೆ" ಅಂದರು. ಅಮ್ಮ ಸುಮ್ಮನೆ ತಲೆಯಾಡಿಸಿದರು. ರಾತ್ರಿ ದೀಪ ಆರಿಸಿದ ಮೇಲೆ ನನ್ನನ್ನು ಕೇಳಿದರು: "ನನಗೆ ಅಷ್ಟು ಶಕ್ತಿ ಇಲ್ಲದೇ ಇದ್ದಿದ್ರೆ ಅವರು ಉಳೀತಿದ್ರೇನೋ, ಅಲ್ವಾ?"

ಆ ಮಾತು ಕೊಟ್ಟ ಸಮಾಧಾನ ಇದು.

ಹಾಗಾದರೆ ದೇವರು ಬಲ ಕೊಡುವುದು ಹೇಗೆ? ಪ್ರವಾದಿ ಎಲೀಯನ ಕಥೆ ಓದಿ, 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ನೋಡಿದವನು, ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ, ಎದ್ದು ತಿನ್ನು, ಈ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅಂದ. ನೋಡಿ, ಇಲ್ಲಿ ಸ್ವರ್ಗದಿಂದ ಬಂದವನೇ ಒಪ್ಪಿಕೊಳ್ಳುತ್ತಿದ್ದಾನೆ! ಆ ಊಟದ ಬಲದಿಂದಲೇ ಎಲೀಯ 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ.

ಇಸ್ರಾಯೇಲ್ಯರನ್ನು ಅರಣ್ಯದಲ್ಲಿ ನಡೆಸಿದ ಮೋಶೆಯೂ ಇದನ್ನೇ ಹೇಳಿದ್ದ. ಈ ಜನರ ಭಾರ ನಾನೊಬ್ಬನೇ ಹೊರಲಾರೆ, ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಅಂತ ಅರಣ್ಯಕಾಂಡ 11ರಲ್ಲಿದೆ. ದೇವರು ಅವನ ತೋಳನ್ನು ಗಟ್ಟಿ ಮಾಡಲಿಲ್ಲ. 70 ಜನ ಹಿರಿಯರನ್ನು ಕರೆದು ತಾ, ಅವರೂ ನಿನ್ನ ಜೊತೆ ಹೊರಲಿ ಅಂದ. ದೇವರ ಮೇಲೆ ಭಾರ ಹಾಕುವುದು ಅಂದರೆ ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಾರ್ಥಿಸುವುದು ಮಾತ್ರ ಅಂದುಕೊಂಡವರು ಜಾಸ್ತಿ. ಪಕ್ಕದ ಮನೆಯವರನ್ನು ಕರೆಯುವುದು, ಡಾಕ್ಟರ ಹತ್ತಿರ ಹೋಗುವುದು, ಸಭೆಯಲ್ಲಿ ನಿಂತು ನನಗೆ ಆಗ್ತಾ ಇಲ್ಲ ಅನ್ನುವುದು, ಇದೆಲ್ಲಾ ಅದರಲ್ಲೇ ಸೇರಿದೆ. ಸಾಯಬೇಕು ಅಂತ ಅನಿಸುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ಎಲೀಯ ಹೇಳಿದ, ಮೋಶೆ ಹೇಳಿದ. ಹಾಗೆ ಅನಿಸಿದ್ದಕ್ಕೆ ದೇವರು ಇಬ್ಬರನ್ನೂ ಬೈಯಲಿಲ್ಲ.

ನೀವು ಕೇಳದ ಪ್ರಶ್ನೆಯೊಂದು ಉಳಿದಿದೆ, ಕೇಳಬೇಕಾಗಿದ್ದವರು ನಿಮಗೆ ಆ ಮಾತು ಹೇಳಿದವರು. ಕಷ್ಟದಲ್ಲಿರುವವರ ಮನೆಗೆ ಹೋದಾಗ ಮತ್ತೇನು ಹೇಳಬೇಕು? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಮೊದಲ ಏಳು ದಿನ ಸರಿಯಾಗಿಯೇ ಇದ್ದರು. ಅವನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಹೋಗುವಾಗ ಒಂದು ಡಬ್ಬಿಯಲ್ಲಿ ಅನ್ನ ಸಾರು ತೆಗೆದುಕೊಂಡು ಹೋಗಿ. ಓದಲೇಬೇಕು ಅನಿಸಿದರೆ 88ನೇ ಕೀರ್ತನೆ ಓದಿ. ನನ್ನನ್ನು ರಕ್ಷಿಸುವ ದೇವರೇ ಅಂತ ಕೂಗಿ ಶುರುವಾಗುವ ಆ ಪ್ರಾರ್ಥನೆ ಕತ್ತಲೆಯಲ್ಲೇ ಮುಗಿಯುತ್ತದೆ. ನೀವೂ ಅಲ್ಲೇ ನಿಲ್ಲಿಸಿ, ಇನ್ನೂ ಸ್ವಲ್ಪ ಹೊತ್ತು ಅವರ ಪಕ್ಕದಲ್ಲೇ ಕೂತಿರಿ.